ಮುಂಬಯಿ, ಧಾರವಾಡ, ಭೂತರಾಮನಹಟ್ಟಿ

ನಮ್ಮ ಮನೆಯಲ್ಲಿ ಮೂರು ಬಿ.ಎ. ಪದವಿ ಪತ್ರಗಳಿವೆ. ಕಾಕಾನದು ಮುಂಬಯಿ ವಿಶ್ವವಿದ್ಯಾಲಯದ್ದು, ನನ್ನದು ಕರ್ನಾಟಕ ವಿಶ್ವವಿದ್ಯಾಲಯದ್ದು, ತಮ್ಮನ ಮಗಳದು ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ್ದು. ಮೂವರೂ ಓದಿದ್ದು ಬೆಳಗಾವಿಯಲ್ಲಿ, ಮೂವರೂ ಬುತ್ತಿ ಕಟ್ಟಿಕೊಂಡು ಹೊರಟದ್ದು ಖಾನಾಪುರದಿಂದ. ಬಿ.ಎ.ಗೆಂದು ನಾವು ಊರು ಬಿಡಲಿಲ್ಲ. ವಿಶ್ವವಿದ್ಯಾಲಯವೇ ಮುಂಬಯಿಯಿಂದ ಧಾರವಾಡಕ್ಕೆ, ಧಾರವಾಡದಿಂದ ಬೆಳಗಾವಿಯ ಅಂಚಿಗೆ ಬಂತು. ಆ ದಾರಿಯ ಕೊನೆಯ ತುಂಡಿನಲ್ಲಿ ಇತಿಹಾಸ ಕಲಿಸುವ ಕೆಲಸ ನನಗೆ ಸಿಕ್ಕಿತು. ಅದಕ್ಕೆ ಯಾರಿಗೆ ಋಣಿಯಾಗಿರಬೇಕು ಎಂದು ಲೆಕ್ಕ ಹಾಕಿದರೆ ನಾನು ಹುಟ್ಟುವ ಮೊದಲೇ ತೀರಿಹೋದವರ ಹೆಸರುಗಳೇ ಹೆಚ್ಚು ಬರುತ್ತವೆ.

ಕಾಕಾನ ತಂದೆಯ ಕಾಲಕ್ಕೆ ಬೆಳಗಾವಿಯಲ್ಲಿ ಕಾಲೇಜೇ ಇರಲಿಲ್ಲ. ಮೆಟ್ರಿಕ್ ಆದ ಹುಡುಗ ಪುಣೆಯ ಫರ್ಗ್ಯುಸನ್‌ಗೋ ಕೊಲ್ಹಾಪುರದ ರಾಜಾರಾಮ್ ಕಾಲೇಜಿಗೋ ಹೋಗಬೇಕು. 1917ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು, 1919ರಲ್ಲಿ ಸಾಂಗಲಿಯ ವಿಲಿಂಗ್ಡನ್ ಶುರುವಾದ ಮೇಲೆ ದಾರಿ ಸ್ವಲ್ಪ ಕಡಿಮೆಯಾಯಿತು. ಆದರೂ ಪರವೂರಿನಲ್ಲಿ ಕೋಣೆ, ಊಟ, ಪುಸ್ತಕ ಎಂದರೆ ಹೊಲ ಅಡ ಇಡುವ ಮಾತು. ಹೆಣ್ಣುಮಕ್ಕಳ ವಿಚಾರವಂತೂ ಯಾರೂ ಎತ್ತುತ್ತಿರಲಿಲ್ಲ.

ಇದನ್ನು ಬದಲಿಸಲು ಹೊರಟವರು ಶಿಕ್ಷಕರೇ. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಏಳು ಜನ ಸೇರಿ ಕೆ.ಎಲ್.ಇ. ಸಂಸ್ಥೆ ಕಟ್ಟಿದರು. ಬಸವನಾಳ, ಸಾಖರೆ, ಹಂಚಿನಾಳ, ಮಮದಾಪುರ ಮೊದಲಾದ ಇವರನ್ನು ಊರು ಇವತ್ತಿಗೂ ಸಪ್ತರ್ಷಿಗಳು ಎನ್ನುತ್ತದೆ. ಅವರು ಮೊದಲು ತೆರೆದದ್ದು ಒಂದು ಆಂಗ್ಲೋ-ವರ್ನಾಕ್ಯುಲರ್ ಶಾಲೆ. ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿಯ ಪದ್ಧತಿಯಂತೆ ಆಜೀವ ಸದಸ್ಯರಾಗಿ, ಕಡಿಮೆ ಸಂಬಳಕ್ಕೆ ಆಯುಷ್ಯವನ್ನೇ ಬರೆದುಕೊಟ್ಟವರು ಅವರು. ನಮ್ಮ ಕಾಲಕ್ಕೆ ಯು.ಜಿ.ಸಿ. ವೇತನ ಬಂತು, ಅರಿಯರ್ಸ್ ಬಂತು, ಡಿ.ಎ. ಯಾವಾಗ ಎಂಬ ಚರ್ಚೆಯೇ ಸ್ಟಾಫ್ ರೂಮಿನ ನಿತ್ಯಪಾಠವಾಯಿತು. ಆ ಚರ್ಚೆಯಲ್ಲಿ ನಾನೂ ದನಿ ಎತ್ತರಿಸಿದವಳೇ. ಆದರೂ ಆ ಏಳು ಜನರ ಫೋಟೋ ಕೆಳಗೆ ಹಾದುಹೋಗುವಾಗ ಸುಮ್ಮನಾಗುತ್ತಿದ್ದೆ.

ದುಡ್ಡು ಕೊಟ್ಟವರ ಕಥೆಯೂ ಉಂಟು. ಸವದತ್ತಿ ಸೀಮೆಯ ಶಿರಸಂಗಿಯ ದೇಸಾಯಿ ಲಿಂಗರಾಜರು 1906ರಲ್ಲಿ ತೀರಿಕೊಂಡರು; ಆಸ್ತಿಯನ್ನು ಮಕ್ಕಳ ಓದಿಗಾಗಿ ಉಯಿಲು ಬರೆದಿಟ್ಟು ಹೋಗಿದ್ದರು. 1933ರಲ್ಲಿ ಬೆಳಗಾವಿಯಲ್ಲಿ ಕಾಲೇಜು ಆರಂಭವಾದಾಗ ಅವರ ಹೆಸರನ್ನೇ ಇಟ್ಟರು. ಒಂಟಮುರಿಯ ರಾಜಾ ಲಖಮಗೌಡರ ಹೆಸರು 1939ರ ಕಾನೂನು ಕಾಲೇಜಿಗೆ ಬಂತು. 1945ರಲ್ಲಿ ಟಿಳಕವಾಡಿಯಲ್ಲಿ ರಾಣಿ ಪಾರ್ವತಿದೇವಿ ಕಾಲೇಜು ಶುರುವಾಯಿತು. ಹನ್ನೆರಡು ವರ್ಷಗಳಲ್ಲಿ ಕಾಲೇಜಿಲ್ಲದ ಊರು ಕಾಲೇಜುಗಳ ಊರಾಯಿತು. ಇವೆಲ್ಲಕ್ಕೂ ಪ್ರಶ್ನೆಪತ್ರಿಕೆ ಬರುತ್ತಿದ್ದದ್ದು ಮುಂಬಯಿಯಿಂದ. ಕಾಕಾ ಲಿಂಗರಾಜ ಕಾಲೇಜಿನಲ್ಲಿ ಓದಿದ್ದು ಆಗಲೇ. ತನ್ನ ಪದವಿ ಪತ್ರ ತೋರಿಸಿ, "ನಾ ಮುಂಬಯಿ ಗ್ರ್ಯಾಜುಯೇಟ್, ಆದರ ಮುಂಬಯಿ ಕಂಡಿಲ್ಲ" ಎಂದು ಕೊನೆಯವರೆಗೂ ನಗುತ್ತಿದ್ದ.

ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಸ್ಥಾಪನೆಯಾದದ್ದೂ ಮುಂಬಯಿಯಲ್ಲೇ. ಮರುವರ್ಷ ಧಾರವಾಡಕ್ಕೆ ಬಂತು. ಏಕೀಕರಣಕ್ಕಿಂತ ಆರು ವರ್ಷ ಮೊದಲೇ ನಮ್ಮ ಭಾಗದ ಪದವಿ ಪತ್ರಗಳ ಮೇಲೆ ಕರ್ನಾಟಕದ ಹೆಸರು ಕುಳಿತಿತ್ತು! 1954ರಿಂದ 1967ರವರೆಗೆ ಕುಲಪತಿಯಾಗಿದ್ದ ಡಿ.ಸಿ. ಪಾವಟೆಯವರು ಗೋಕಾಕ ತಾಲೂಕಿನ ಮಮದಾಪುರದವರು, ಕೇಂಬ್ರಿಜಿನ ರ್‍ಯಾಂಗ್ಲರ್. ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿನ ಆ ಕಟ್ಟಡಗಳನ್ನು ಕಂಡಾಗ ನನ್ನಂಥವಳಿಗೆ ಮಾತೇ ಹೊರಡಲಿಲ್ಲ. ನಮ್ಮಪ್ಪ ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ನಾಲ್ಕು ವರ್ಷ ಮೀಟರ್‌ಗೇಜ್ ರೈಲಿನಲ್ಲಿ ಇದ್ದಲಹೊಂಡ, ದೇಸೂರು ದಾಟಿ ಬೆಳಗಾವಿಗೆ ಹೋಗಿಬಂದ ಹುಡುಗಿ ಎಂ.ಎ.ಗೆಂದು ಧಾರವಾಡದ ಹಾಸ್ಟೆಲ್ಲಿಗೆ ಬಂದಿಳಿದದ್ದೇ ಮನೆಯಲ್ಲಿ ದೊಡ್ಡ ಸುದ್ದಿ. ಶ್ರೀನಿವಾಸ ರಿತ್ತಿಯವರಂಥ ವಿದ್ವಾಂಸರು ಅಲ್ಲಿ ಶಾಸನ ಕಲಿಸುತ್ತಿದ್ದ ದಿನಗಳು ಅವು. ಕಲ್ಲಿನ ಮೇಲಿನ ಗೀರು ಓದಲು ಬರುತ್ತದೆ, ಅದರಿಂದ ಹೊಟ್ಟೆಯೂ ತುಂಬುತ್ತದೆ ಎಂಬುದು ಅಪ್ಪನಿಗೆ ನಂಬಲಾಗದ ವಿಷಯವಾಗಿತ್ತು.

ಕರ್ನಾಟಕ ವಿಶ್ವವಿದ್ಯಾಲಯದ ಬೆಳಗಾವಿ ಸ್ನಾತಕೋತ್ತರ ಕೇಂದ್ರ 1982ರಲ್ಲಿ ತೆರೆಯಿತು. ಕೆಲವು ವರ್ಷ ಡಿಗ್ರಿ ಕಾಲೇಜಿನಲ್ಲಿ ಕಲಿಸಿದ್ದ ನಾನು ಅಲ್ಲಿಗೆ ಸೇರಿದೆ. ಪಿ.ಜಿ. ಸೆಂಟರ್ ಎಂದರೆ ಧಾರವಾಡದ ಪಾಲಿಗೆ ದೂರದ ಶಾಖೆ; ಫೈಲು, ಸ್ಟೇಷನರಿ, ನೇಮಕಾತಿ ಆದೇಶ ಎಲ್ಲಕ್ಕೂ ಅಲ್ಲಿಗೇ ಓಡಬೇಕು. ಮುಂದೆ ಕಾಕತಿ ದಾಟಿ ಭೂತರಾಮನಹಟ್ಟಿಯಲ್ಲಿ ಹೆದ್ದಾರಿ ಬದಿಯ ಕ್ಯಾಂಪಸ್ಸು ಸಿಕ್ಕಿತು. ಪಕ್ಕದಲ್ಲೇ ಮೃಗಾಲಯವಿರುವ ಕಾರಣ ಬಸ್ಸಿನ ಕಂಡಕ್ಟರ್ ನಮ್ಮನ್ನು ಇಳಿಸುವಾಗ ಮಾಡುತ್ತಿದ್ದ ತಮಾಷೆಯನ್ನು ಇಲ್ಲಿ ಬರೆಯುವುದಿಲ್ಲ.

ಆ ಕೇಂದ್ರದಿಂದ ಏನಾಯಿತು ಎಂದು ಯಾರಾದರೂ ಕೇಳಿದರೆ ನಾನು ಖಾನಾಪುರದ ಮಕ್ಕಳನ್ನು ತೋರಿಸುತ್ತೇನೆ. ಜಾಂಬೋಟಿ, ಕಣಕುಂಬಿ ಕಡೆ ಮಳೆಗಾಲ ಹಿಡಿದರೆ ಹಳ್ಳ ತುಂಬಿ ದಾರಿ ನಿಲ್ಲುತ್ತದೆ. ಆ ಊರುಗಳಿಂದ ಎಂ.ಎ.ಗೆ ಧಾರವಾಡಕ್ಕೆ ಹೋಗುವವರು ಅಪರೂಪ. ಬೆಳಗಾವಿಗಾದರೆ ಬಂದರು. ಹಲವರ ಮನೆಮಾತು ಮರಾಠಿ, ಓದಿದ್ದೂ ಮರಾಠಿ ಶಾಲೆಯಲ್ಲಿ. ಮಹಾಜನ್ ಆಯೋಗ 1967ರ ವರದಿಯಲ್ಲಿ ಖಾನಾಪುರ, ನಂದಗಡಗಳನ್ನು ಮಹಾರಾಷ್ಟ್ರಕ್ಕೆ ಕೊಡಬಹುದೆಂದು ಬರೆದಿತ್ತು. ಕೊಡಲಿಲ್ಲ, ವಾದ ನಿಲ್ಲಲಿಲ್ಲ. ಊರಲ್ಲಿ ಬಂದ್ ಘೋಷಣೆಯಾದ ದಿನ ತರಗತಿಯಲ್ಲಿ ಎರಡೂ ಕಡೆಯ ಮಕ್ಕಳು ಒಂದೇ ಬೆಂಚಿನಲ್ಲಿರುತ್ತಿದ್ದರು. "ಮೇಡಂ, ಕನ್ನಡ ಮಾತಾಡಾಕ ಬರತೈತ್ರಿ, ಬರ್‍ಯಾಕ ಹೆದರಿಕಿ" ಎಂದವಳೊಬ್ಬಳಿಗೆ ನಾನು, "ಕದಂಬರ ಕಾಲದಾಗಿನ ಕಲ್ಲಕುಟಿಗನೂ ತಪ್ಪು ಬರದಾನವಾ, ನೀ ಬರಿ" ಎಂದಿದ್ದೆ. ಬರೆದಳು. ಈಗ ಅವಳೇ ಹೈಸ್ಕೂಲು ಮಕ್ಕಳ ಕನ್ನಡ ತಿದ್ದುತ್ತಾಳೆ.

ಪ್ರತಿ ತಂಡವನ್ನೂ ಹಲಸಿಗೆ ಕರೆದೊಯ್ಯುವುದು ನನ್ನ ವಾಡಿಕೆ. ಖಾನಾಪುರ ತಾಲೂಕಿನ ಈ ಸಣ್ಣ ಊರು ಬನವಾಸಿ ಕದಂಬರ ಕಾಲದ ಪಲಾಶಿಕೆ. ಅವರ ಎರಡನೆಯ ರಾಜಧಾನಿಯಂತಿತ್ತು. ಇಲ್ಲಿ ಸಿಕ್ಕ ತಾಮ್ರಪಟಗಳನ್ನು ಓದಿ ಪ್ರಕಟಿಸಿದವನು ಮುಂಬಯಿ ಸರ್ಕಾರದ ಅಧಿಕಾರಿ ಜೆ.ಎಫ್. ಫ್ಲೀಟ್. ಮೃಗೇಶವರ್ಮ ತಂದೆಯ ನೆನಪಿಗಾಗಿ ಇಲ್ಲಿ ಬಸದಿ ಕಟ್ಟಿಸಿದ ಸಂಗತಿ ಗೊತ್ತಾದದ್ದು ಈ ಪಟಗಳಿಂದ. ಭೂವರಾಹ ನರಸಿಂಹ ಗುಡಿಯಾದರೋ ಏಳು ಶತಮಾನ ತಡವಾಗಿ ಬಂದ ಗೋವೆಯ ಕದಂಬರ ಕಾಲದ್ದು. ಇಬ್ಬರೂ ಕದಂಬರೇ ಎಂದು ಪರೀಕ್ಷೆಯಲ್ಲಿ ಒಂದೇ ವಂಶಾವಳಿಯಲ್ಲಿ ಪೋಣಿಸಿ ಬರೆಯುವವರು ಪ್ರತಿ ವರ್ಷ ಇರುತ್ತಿದ್ದರು.

ಶಾಸನದ ಪಡಿಯಚ್ಚು ತೆಗೆಯುವುದನ್ನು ಅಲ್ಲೇ ಕಲಿಸುತ್ತಿದ್ದೆ. ಮೊದಲು ಕಲ್ಲನ್ನು ನೀರು ಹಾಕಿ ಬ್ರಶ್ಶಿನಿಂದ ತಿಕ್ಕಿ ತೊಳೆಯಬೇಕು. ನೆನೆಸಿದ ಕಾಗದವನ್ನು ಗಾಳಿ ಸೇರದಂತೆ ಅಂಟಿಸಿ, ಬಿರುಸು ಕೂದಲಿನ ಬ್ರಶ್ಶಿನಿಂದ ಬಡಿದರೆ ಅಕ್ಷರದ ತಗ್ಗಿಗೆ ಕಾಗದ ಇಳಿಯುತ್ತದೆ. ಅರೆ ಒಣಗಿದಾಗ ಮಸಿ ಹಚ್ಚಿದ ಮೆತ್ತೆಯಿಂದ ಮೆಲ್ಲಗೆ ತಟ್ಟಬೇಕು. ನೆಲವೆಲ್ಲ ಕಪ್ಪು, ಅಕ್ಷರ ಮಾತ್ರ ಬಿಳುಪು. ಅವಸರ ಮಾಡಿದರೆ ಕಾಗದ ಹರಿಯುತ್ತದೆ, ತಡಮಾಡಿದರೆ ಮಸಿ ಹಿಡಿಯುವುದಿಲ್ಲ. ಕುಂಬಾರರ ಮನೆಯಿಂದ ಬಂದ ಹುಡುಗರ ಕೈ ಇದರಲ್ಲಿ ಬಲು ಚೆನ್ನ. ಹಸಿ ಯಾವಾಗ ಆರುತ್ತದೆ ಎಂದು ಅವರಿಗೆ ಹೇಳಿಕೊಡಬೇಕಿಲ್ಲ. ಇಂಟರ್ನಲ್ ಮಾರ್ಕ್ಸಿನಲ್ಲಿ ಅದಕ್ಕೊಂದು ಕಾಲಂ ಇರಬೇಕಿತ್ತು ಎಂದು ಈಗಲೂ ಅನಿಸುತ್ತದೆ.

2010ರಲ್ಲಿ ಪಿ.ಜಿ. ಸೆಂಟರೇ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಯಿತು. ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಹಳೆ ಕೋಣೆ, ಹಳೆ ಬೀರು, ಹೊಸ ಲೆಟರ್‌ಹೆಡ್ಡು. ಮುಂಬಯಿ ನೋಡದೆ ಮುಂಬಯಿ ಪದವೀಧರನಾದ ಕಾಕಾ ಆಗ ಇದ್ದಿದ್ದರೆ ಇದನ್ನು ನನಗಿಂತ ಬೇಗ ಅರ್ಥ ಮಾಡಿಕೊಳ್ಳುತ್ತಿದ್ದ. ಹೊಸ ವಿಶ್ವವಿದ್ಯಾಲಯದ ಮೊದಲ ಕೆಲವು ವರ್ಷ ಕಂಡು ನಿವೃತ್ತಳಾದೆ. ಬೀಳ್ಕೊಡುಗೆಯಲ್ಲಿ ಶಾಲು, ಹಾರ, ಫಲತಾಂಬೂಲ ಎಲ್ಲ ಆಯಿತು. ಭಾಷಣಗಳು ಉದ್ದವಾಗಿ ಊಟ ತಣ್ಣಗಾಯಿತು.

ಹಲಸಿಯ ಒಂದು ತಾಮ್ರಪಟದಲ್ಲಿ ಯುವರಾಜ ಕಾಕುಸ್ಥವರ್ಮ ಸೇನಾಪತಿ ಶ್ರುತಕೀರ್ತಿಗೆ ಭೂಮಿ ಕೊಟ್ಟದ್ದಿದೆ. ಕಾಲ, ಎಂಬತ್ತನೆಯ ವರ್ಷ. ಎಲ್ಲಿಂದ ಎಂಬತ್ತು? ಗುಪ್ತ ಶಕೆಯಿಂದ ಎಣಿಸುವವರಿದ್ದಾರೆ, ಮಯೂರಶರ್ಮ ರಾಜ್ಯ ಕಟ್ಟಿದ ದಿನದಿಂದ ಎಣಿಸುವವರಿದ್ದಾರೆ. ನಾನು ಎರಡನೆಯ ಪಕ್ಷದವಳು. ಕಣಕುಂಬಿ ಕಡೆಯಿಂದ ಬಂದು ನನ್ನ ಹತ್ತಿರ ಎಂ.ಎ. ಮಾಡಿದ ಹುಡುಗ ಈಗ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾನೆ, ತನ್ನ ಮಕ್ಕಳನ್ನು ಹಲಸಿಗೆ ಕರೆದೊಯ್ಯುತ್ತಾನೆ. ಅವನು ಗುಪ್ತ ಶಕೆಯ ಪಕ್ಷ. ಮೊನ್ನೆ ಗುಡಿಯ ಮುಂದಿನಿಂದಲೇ ಫೋನು ಮಾಡಿ, "ಮೇಡಂ, ಸ್ಪೀಕರ್ ಹಾಕೀನ್ರಿ, ನಿಮ್ಮ ವಾದ ನೀವ ಹೇಳ್ರಿ" ಎಂದ. ಒಲೆಯ ಮೇಲೆ ಸಾರು ಇಟ್ಟವಳು ಗ್ಯಾಸ್ ಬಂದ್ ಮಾಡಿ, ಮಯೂರಶರ್ಮನಿಂದ ಶುರು ಮಾಡಿದೆ.