ಗಾಲಿಮನೆ (ಮಂಜುಗಡ್ಡೆ ಮೀನುಗಾರಿಕೆ)

ಹೆಪ್ಪುಗಟ್ಟಿದ ಸರೋವರದ ಮೇಲೆ ತಂಗಿ ಗಾಳ ಹಾಕಲು ವಾಹನದ ಹಿಂದೆ ಎಳೆದೊಯ್ಯುವ ಕೋಣೆ. ಅಮೆರಿಕದ ಮಿನೆಸೋಟ ರಾಜ್ಯದ ಮಿಲ್ ಲ್ಯಾಕ್ಸ್, ಲೇಕ್ ಆಫ್ ದ ವುಡ್ಸ್ ಸರೋವರಗಳಲ್ಲಿ ಸಾಮಾನ್ಯ. ವಿಂಚ್ ಅಥವಾ ಹೈಡ್ರಾಲಿಕ್ ವ್ಯವಸ್ಥೆಯಿಂದ ಗಾಲಿಗಳನ್ನು ಮೇಲೆತ್ತಿದಾಗ ಚೌಕಟ್ಟು ಮಂಜುಗಡ್ಡೆಯ ಮೇಲೆ ಕೂರುತ್ತದೆ. ನೆಲದ ರಂಧ್ರಗಳ ಮೂಲಕ ಗಾಳ ಇಳಿಸುತ್ತಾರೆ.

ಗುಣಮಟ್ಟ: ಕೊಳ್ಳುವಾಗ ಮೊದಲು ಅಡಿಭಾಗ ನೋಡಬೇಕು. ರಸ್ತೆಗೆ ಎರಚುವ ಉಪ್ಪಿನಿಂದ ಉಕ್ಕಿನ ಚೌಕಟ್ಟು ತುಕ್ಕು ಹಿಡಿಯುತ್ತದೆ; ಅಲ್ಯೂಮಿನಿಯಂ ಹಗುರ, ಆದರೆ ದುಬಾರಿ. ಬೆಸುಗೆಯಲ್ಲಿ ಬಿರುಕಿರಬಾರದು. ಗೋಡೆ, ಚಾವಣಿ, ನೆಲದೊಳಗೆ ಫೋಮ್ ಸಂದಿಲ್ಲದೆ ತುಂಬಿದ್ದರೆ ಶಾಖ ನಿಲ್ಲುತ್ತದೆ. ಒಳಗಿನ ತಿರುಪುಗಳ ತಲೆಯ ಮೇಲೆ ಹನಿ ಕಟ್ಟಿದ್ದರೆ ಲೋಹದ ಮೂಲಕ ಶಾಖ ಸೋರುತ್ತಿದೆಯೆಂದೇ ಅರ್ಥ. ರಂಧ್ರದಂಚಿನ ಪ್ಲೈವುಡ್ ಉಬ್ಬಿದ್ದರೆ ನೀರು ಹೀರಿದೆ. ಪ್ರೋಪೇನ್ ಹೀಟರ್ ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದ ಎಳೆದು, ಹೊಗೆಯನ್ನು ಹೊರಕ್ಕೇ ಬಿಡುವಂತಿರಬೇಕು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದ ಗಾಲಿಮನೆ ಮಲಗಲು ಸುರಕ್ಷಿತವಲ್ಲ.