ಮಳೆನೀರಿನಿಂದ ಕಡಲಿನ ಆಳಕ್ಕೆ: ದೇವೇಂದ್ರ ಲಾಲ್ ಮತ್ತು ಒಂದು ತಕರಾರಿನ ಗಡಿಯಾರ

ಮುಂಬೈಯ ಗೇಟ್‌ವೇ ಆಫ್ ಇಂಡಿಯಾದ ಸಮೀಪವಿರುವ ಹಳೆಯ ಯಾಟ್ ಕ್ಲಬ್ ಕಟ್ಟಡವನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಕೊಲಾಬಾದ ಈಗಿನ ನೆಲೆಗೆ ಹೋಗುವ ಮುನ್ನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಅಲ್ಲಿತ್ತು. ವಾರಾಣಸಿಯಲ್ಲಿ 1929ರಲ್ಲಿ ಜನಿಸಿದ ದೇವೇಂದ್ರ ಲಾಲ್ ಈ ಸಂಸ್ಥೆಯನ್ನು ಸೇರಿದ್ದು 1949ರಲ್ಲಿ, ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ. ಅವರು ಬಂದದ್ದು ಆಕಾಶದಿಂದ ಬರುವ ವಿಶ್ವಕಿರಣಗಳ ಅಧ್ಯಯನಕ್ಕೆ. ಹೆಸರಾದದ್ದು ಕಡಲಿನ ವಿಜ್ಞಾನದಲ್ಲಿ.

ಈ ತಿರುವಿಗೆ ಕಾರಣರಾದವರು ಅವರ ಗುರು ಬರ್ನಾರ್ಡ್ ಪೀಟರ್ಸ್. ಜರ್ಮನಿಯಲ್ಲಿ ಹುಟ್ಟಿ, ಡಖಾವ್ ಬಂಧನ ಶಿಬಿರವನ್ನು ಕಂಡು, ಅಮೆರಿಕಕ್ಕೆ ಪಾರಾಗಿ ಹೋದವರು. 1949ರಲ್ಲಿ ಅಲ್ಲಿನ ಸಂಸದೀಯ ಸಮಿತಿಯ ಮುಂದೆ ಓಪನ್‌ಹೈಮರ್ ಇವರ ರಾಜಕೀಯ ಒಲವಿನ ಬಗ್ಗೆ ಆಡಿದ ಮಾತುಗಳು ಪತ್ರಿಕೆಗೆ ಸೋರಿದವು. ಆ ದೇಶದಲ್ಲಿ ಅವರ ದಾರಿ ಮುಚ್ಚುತ್ತ ಬಂತು. ಕಡತದಲ್ಲಿ ಬರೆದ ಒಂದು ಸಾಲು ಮನುಷ್ಯನನ್ನು ಎಷ್ಟು ದೂರ ತಳ್ಳಬಲ್ಲದೆಂಬುದು ಸರ್ಕಾರಿ ನೌಕರನಾದ ನನಗೆ ಚೆನ್ನಾಗಿ ಗೊತ್ತು. ಪೀಟರ್ಸ್ ಮುಂಬೈಗೆ ಬಂದರು. ಅಮೆರಿಕಕ್ಕಾದ ನಷ್ಟ ನಮಗೆ ಲಾಭವಾಯಿತು.

ವಿಶ್ವಕಿರಣಗಳು ವಾತಾವರಣದ ಸಾರಜನಕ, ಆಮ್ಲಜನಕ, ಆರ್ಗಾನ್ ಪರಮಾಣುಗಳಿಗೆ ಬಡಿದು ಅವನ್ನು ಒಡೆಯುತ್ತವೆ. ಆ ಚೂರುಗಳಲ್ಲಿ ಕೆಲವು ವಿಕಿರಣಶೀಲ ಐಸೋಟೋಪುಗಳು. ಅವು ಮಳೆಯೊಂದಿಗೆ ನೆಲಕ್ಕೂ ಕಡಲಿಗೂ ಇಳಿಯುತ್ತವೆ. ಒಂದೊಂದೂ ತನ್ನದೇ ವೇಗದಲ್ಲಿ ಕ್ಷಯಿಸುವುದರಿಂದ ಒಂದೊಂದೂ ಒಂದು ಗಡಿಯಾರ. ಬೆರಿಲಿಯಂ-7ರ ಅರ್ಧಾಯುಷ್ಯ 53 ದಿನ. ಬೆರಿಲಿಯಂ-10ರದು ಸುಮಾರು 14 ಲಕ್ಷ ವರ್ಷ. ಬೆರಿಲಿಯಂ-10ರ ಮಹತ್ವವನ್ನು ಪೀಟರ್ಸ್ 1955ರಲ್ಲಿ ವಿವರಿಸಿದ್ದು ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ಮುಂದಿನ ಎರಡು ವರ್ಷಗಳಲ್ಲಿ ಲಾಲ್ ಮತ್ತು ಸಂಗಡಿಗರು ಮಳೆನೀರಿನಲ್ಲಿ ಬೆರಿಲಿಯಂ, ರಂಜಕಗಳ ಇಂಥ ಐಸೋಟೋಪುಗಳನ್ನು ಗುರುತಿಸಿದರು; ಆಳಗಡಲಿನ ಕೆಸರಿನಲ್ಲಿ ಬೆರಿಲಿಯಂ-10ನ್ನು ಅಳೆದರು. ಅದೇ ಸಂಸ್ಥೆಯ ಬಿ. ವಿ. ಶ್ರೀಕಂಠನ್, ನಮ್ಮ ಮೈಸೂರು ಸೀಮೆಯವರು, ವಿಶ್ವಕಿರಣಗಳನ್ನು ಹುಡುಕಿಕೊಂಡು ಕೋಲಾರದ ಚಿನ್ನದ ಗಣಿಯ ಆಳಕ್ಕೆ ಇಳಿದದ್ದೂ ಆ ದಶಕದಲ್ಲೇ.

ಲಾಲರ ಕೆಲಸಗಳಲ್ಲಿ ನನಗೆ ಬಹಳ ಹಿಡಿಸಿದ್ದು ಸಿಲಿಕಾನ್-32ರ ಕಥೆ. ಸೀಸ-210ರ ಅರ್ಧಾಯುಷ್ಯ 22 ವರ್ಷ, ಇಂಗಾಲ-14ರದು 5,730 ವರ್ಷ. ಕೆಲವು ಶತಮಾನಗಳ ಕಾಲವನ್ನು ಅಳೆಯಲು ಇವೆರಡರ ನಡುವೆ ಒಂದು ಗಡಿಯಾರ ಬೇಕಿತ್ತು. ಆಳದ ನೀರು ಮೇಲೆ ಬರಲು ಎಷ್ಟು ಕಾಲ ಹಿಡಿಯುತ್ತದೆ ಎಂಬಂಥ ಪ್ರಶ್ನೆಗೆ ಅದು ನೆರವಾಗುತ್ತಿತ್ತು. ಆದರೆ ಕಡಲನೀರಿನಲ್ಲಿ ಸಿಲಿಕಾನ್-32 ಎಷ್ಟು ವಿರಳವೆಂದರೆ ನೇರವಾಗಿ ಹುಡುಕುವುದು ಅಸಾಧ್ಯ. ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯಲ್ಲಿದ್ದಾಗ ಲಾಲ್, ಎಡ್ವರ್ಡ್ ಗೋಲ್ಡ್‌ಬರ್ಗ್ ಮತ್ತು ಮಿನೋರು ಕೊಯಿಡೆ ಆ ಕೆಲಸವನ್ನು ಸ್ಪಂಜುಗಳಿಗೆ ಬಿಟ್ಟರು! ಕೆಲವು ಜಾತಿಯ ಸ್ಪಂಜುಗಳು ನೀರಿನ ಸಿಲಿಕವನ್ನು ಹೀರಿ ತಮ್ಮ ಅಸ್ಥಿಪಂಜರವನ್ನು ಕಟ್ಟಿಕೊಳ್ಳುತ್ತವೆ. ಅಪಾರ ನೀರನ್ನು ಸೋಸುವ ಶ್ರಮವನ್ನು ಅವೇ ಮಾಡಿರುತ್ತವೆ. ಸಿಲಿಕಾನ್-32ರ ವಿಕಿರಣ ದುರ್ಬಲ. ಆದ್ದರಿಂದ ಅದರ ಕ್ಷಯದಿಂದ ಹುಟ್ಟುವ ರಂಜಕ-32ನ್ನು ಬೇರ್ಪಡಿಸಿ, ಅದರ ಪ್ರಬಲ ವಿಕಿರಣವನ್ನು ಎಣಿಸಿದರು. ಎಣಿಕೆ 14 ದಿನಗಳ ಅರ್ಧಾಯುಷ್ಯದಲ್ಲಿ ಇಳಿದರೆ ಅದು ರಂಜಕ-32 ಎಂಬುದು ಖಚಿತ. ಮಗುವನ್ನು ಕಂಡು ತಾಯಿಯ ಗುರುತು ಹಿಡಿದಂತೆ. ಫಲಿತಾಂಶ 1960ರಲ್ಲಿ ಪ್ರಕಟವಾಯಿತು.

ಮುಂದೆ ಸ್ಪಂಜಿನ ಈ ಉಪಾಯವನ್ನೇ ಮನುಷ್ಯರು ಅನುಸರಿಸಿದರು. ಕಬ್ಬಿಣದ ಹೈಡ್ರಾಕ್ಸೈಡ್ ಲೇಪಿಸಿದ ನಾರನ್ನು ಕಡಲಿಗೆ ಇಳಿಬಿಟ್ಟು, ಸಿಲಿಕಾನ್, ರೇಡಿಯಂ, ಥೋರಿಯಂಗಳನ್ನು ನೀರಿನಲ್ಲಿಯೇ ಹಿಡಿದರು. ಇದರಲ್ಲಿ ಲಾಲರೊಂದಿಗೆ ಎಸ್. ಕೃಷ್ಣಸ್ವಾಮಿ, ಬಿ. ಎಲ್. ಕೆ. ಸೋಮಯಾಜುಲು ಅವರಂಥವರು ದುಡಿದರು. ವಿಕ್ರಮ್ ಸಾರಾಭಾಯ್ ನಿಧನರಾದ ಮರುವರ್ಷ, 1972ರಲ್ಲಿ, ಲಾಲ್ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ನಿರ್ದೇಶಕರಾದರು. ತಂಡವೂ ಅಲ್ಲಿಗೆ ಬಂತು. ಕಡಲಿಲ್ಲದ ಊರಿನಲ್ಲಿ ಕಡಲಿನ ವಿಜ್ಞಾನ ಬೇರೂರಿದ್ದು ಹೀಗೆ. 1983ರವರೆಗೆ ಆ ಹೊಣೆಯಲ್ಲಿದ್ದ ಅವರು 1979ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು.

ಇಷ್ಟಾದರೂ ಗಡಿಯಾರದ ತಕರಾರು ತೀರಲಿಲ್ಲ. ಸಿಲಿಕಾನ್-32ರ ಅರ್ಧಾಯುಷ್ಯ ಸುಮಾರು 700 ವರ್ಷವೆಂದು ಮೊದಲು ಅಂದಾಜಿಸಲಾಗಿತ್ತು. 1980ರ ಹೊತ್ತಿಗೆ ವೇಗವರ್ಧಕ ಯಂತ್ರಗಳ ಅಳತೆ ಅದನ್ನು ನೂರರ ಆಸುಪಾಸಿಗೆ ಇಳಿಸಿತು. ಈಗ ಒಪ್ಪಿತವಾದದ್ದು ಸುಮಾರು 150. ಮುಳ್ಳು ಎಷ್ಟು ವೇಗವಾಗಿ ಓಡುತ್ತಿದೆಯೆಂದು ತಿಳಿಯದ ಗಡಿಯಾರವನ್ನು ಹಿಡಿದುಕೊಂಡು ದಶಕಗಳ ಕಾಲ ಕಡಲನ್ನು ಅಳೆಯುವುದಕ್ಕೆ ಬೇರೆಯೇ ಎದೆಗಾರಿಕೆ ಬೇಕು. ಅರ್ಧಾಯುಷ್ಯದ ಅಂಕಿ ಬದಲಾದಾಗಲೆಲ್ಲ ಅದರ ಮೇಲೆ ನಿಂತ ಕಾಲಗಣನೆಯೂ ಬದಲಾಗಬೇಕು. ಆದರೆ ಎಣಿಸಿದ ಎಣಿಕೆ ಸುಳ್ಳಾಗುವುದಿಲ್ಲ.

ಬಂಡೆಗಳ ಮೇಲ್ಮೈಯಲ್ಲಿಯೇ ವಿಶ್ವಕಿರಣಗಳು ಉಂಟುಮಾಡುವ ಐಸೋಟೋಪುಗಳನ್ನು ಕುರಿತು ಲಾಲ್ 1991ರಲ್ಲಿ ಬರೆದ ಪ್ರಬಂಧವನ್ನು, ಬೆಟ್ಟಗಳ ಸವೆತವನ್ನು ಅಳೆಯುವವರು ಇಂದಿಗೂ ಆಧಾರವಾಗಿ ಬಳಸುತ್ತಾರೆ. ಅವರು 2012ರ ಡಿಸೆಂಬರಿನಲ್ಲಿ ತೀರಿಕೊಂಡರು. ಸಿಲಿಕಾನ್-32ರ ಅರ್ಧಾಯುಷ್ಯವನ್ನು ಹೊಸದಾಗಿ ನಿರ್ಧರಿಸಲು ಸ್ವಿಟ್ಜರ್ಲೆಂಡಿನ ಪಾಲ್ ಶೆರರ್ ಸಂಸ್ಥೆಯ ವಿಜ್ಞಾನಿಗಳು, ಪ್ರೋಟಾನುಗಳಿಂದ ತಾಡಿಸಿದ ವೆನೇಡಿಯಂ ಬಿಲ್ಲೆಗಳಿಂದ ಅದನ್ನು ಬೇರ್ಪಡಿಸುವ ಕೆಲಸವನ್ನು ಕೈಗೆತ್ತಿಕೊಂಡಿದ್ದಾರೆ.