ಒಂಟಿ ಕಾಲುಚೀಲ

ಅಮ್ಮ ತೀರಿಕೊಂಡ ಮೇಲೆ ಅವಳ ಟ್ರಂಕು ನನ್ನ ಪಾಲಿಗೆ ಬಂತು. ಎರಡು ರೇಷ್ಮೆ ಸೀರೆ, ಒಂದು ಕುಂಕುಮದ ಭರಣಿ, ನನ್ನ ನಾಲ್ಕನೇ ಕ್ಲಾಸಿನ ಚೌಕುಳಿ ಲೆಕ್ಕದ ಪುಸ್ತಕ, ಅದರೊಳಗೆ ಮಡಿಸಿಟ್ಟ ಒಂದು ಉಣ್ಣೆಯ ಕಾಲುಚೀಲ. ಪಾಚಿ ಹಸಿರಿನ ಮೇಲೆ ಬಿಳಿಯ ಎಂಟೆಸಳಿನ ನಕ್ಷತ್ರಗಳು, ನಾವು ಅಂಗಳದಲ್ಲಿ ಹಾಕುವ ರಂಗೋಲಿಯ ಹಾಗೆ. ಜೋಡಿಗಾಗಿ ಟ್ರಂಕನ್ನೆಲ್ಲ ತಡಕಾಡಿದೆ. ಆಮೇಲೆ ನೆನಪಾಯಿತು, ಅದಕ್ಕೆ ಜೋಡಿ ಮೊದಲಿನಿಂದಲೂ ಇರಲಿಲ್ಲ.

ನಾವಾಗ ಮಡಿಕೇರಿಯಲ್ಲಿದ್ದೆವು. ಅಪ್ಪನಿಗೆ ಗುಮಾಸ್ತಿಕೆ. ಮಡಿಕೇರಿಯ ಮಳೆಗಾಲ ಕಂಡವರಿಗೆ ಹೇಳಬೇಕಾಗಿಲ್ಲ. ಬಟ್ಟೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ, ಅಡುಗೆಮನೆಯ ನೆಲ ಕಾಲನ್ನು ಕಚ್ಚುತ್ತದೆ. ಆ ನೆಲದ ಮೇಲೆ ಅಮ್ಮ ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ಬರಿಗಾಲಲ್ಲಿ ಓಡಾಡುತ್ತಿದ್ದಳು. ತನಗಾಗಿ ಒಂದು ಜೊತೆ ಕಾಲುಚೀಲ ಹೆಣೆದುಕೊಳ್ಳಲು ಶುರುಮಾಡಿದಳಂತೆ. ಹಿರಿಯರೊಬ್ಬರು ನೋಡಿ, "ಹೆಂಗಸು ಕಾಲುಚೀಲ ಹಾಕಿಕೊಂಡು ಒಲೆ ಮುಂದೆ ನಿಲ್ಲುವುದೊಂದು ಬಾಕಿ ಇತ್ತು" ಎಂದು ನಕ್ಕರಂತೆ. ಸಾಲದ್ದಕ್ಕೆ ಮೊದಲ ಸಲ ತೊಡಲು ಹೋದಾಗ ಕಾಲುಂಗುರಕ್ಕೆ ಒಳಗಿನ ಎಳೆ ಸಿಕ್ಕಿಕೊಂಡಿತು. ಅಲ್ಲಿಗೆ ಬಿಟ್ಟಳು. ನಮ್ಮ ಮನೆಯಲ್ಲಿ ಈ ಕತೆಯನ್ನು ಹೇಳಿ ನಗುವುದು ರೂಢಿಯಾಗಿತ್ತು. ಅಮ್ಮನೂ ನಗುತ್ತಿದ್ದಳು.

ಹೆಣಿಗೆ ಅವಳಿಗೆ ಬಂದದ್ದು ಮಂಗಳೂರಿನಿಂದ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಹೆಂಚು, ಮಗ್ಗ, ಅಚ್ಚುಕೂಟಗಳ ಮಾತು ಎಲ್ಲರಿಗೂ ಗೊತ್ತು. ಅವರ ಹೆಂಡತಿಯರು ಹೆಣ್ಣುಮಕ್ಕಳ ಶಾಲೆಗಳಲ್ಲಿ ಹೊಲಿಗೆ, ಹೆಣಿಗೆ ಕಲಿಸುತ್ತಿದ್ದುದು ಅಷ್ಟಾಗಿ ಯಾರ ನೆನಪಿನಲ್ಲೂ ಇಲ್ಲ. ಅಲ್ಲಿ ಕಲಿತವರೊಬ್ಬರು ನನ್ನ ಅಜ್ಜಿಗೆ ಕಲಿಸಿದರು, ಅಜ್ಜಿ ಅಮ್ಮನಿಗೆ. ಮಂಗಳೂರಿನ ಸೆಕೆಯಲ್ಲಿ ಉಣ್ಣೆ ಯಾರಿಗೆ ಬೇಕು? ಆದರೂ ಕಲಿತರು. ಕಲಿತ ವಿದ್ಯೆ ಮಡಿಕೇರಿಯಲ್ಲಿ ಉಪಯೋಗಕ್ಕೆ ಬಂತು.

ಅದರಲ್ಲೂ 1962ರಲ್ಲಿ. ಅಕ್ಟೋಬರ್ 20ಕ್ಕೆ ಚೀನಾ ಸೈನ್ಯ ಏರಿಬಂತು, ನವೆಂಬರ್ 21ಕ್ಕೆ ಕದನವಿರಾಮವಾಯಿತು. ನಮ್ಮ ಜವಾನರಲ್ಲಿ ಎಷ್ಟೋ ಜನರನ್ನು ಬಯಲುಸೀಮೆಯ ಹತ್ತಿಬಟ್ಟೆಯಲ್ಲೇ, ಕ್ಯಾನ್ವಾಸ್ ಬೂಟಿನಲ್ಲೇ ಹಿಮಕ್ಕೆ ಕಳುಹಿಸಿದ್ದರೆಂಬ ಸುದ್ದಿ ಹಬ್ಬಿತು. ದೇಶದ ಹೆಂಗಸರೆಲ್ಲ ಬಳೆ ಬಿಚ್ಚಿ ಕೊಟ್ಟರು, ಸೂಜಿ ಹಿಡಿದು ಕೂತರು. ಕೊಡಗಿನಲ್ಲಂತೂ ಸೈನ್ಯಕ್ಕೆ ಯಾರನ್ನೂ ಕಳುಹಿಸದ ಮನೆಯೇ ಅಪರೂಪ. ಮಹಿಳಾ ಸಮಾಜದಲ್ಲಿ ಉಣ್ಣೆಯನ್ನು ತೂಗಿ ಕೊಡುತ್ತಿದ್ದರು, ಹೆಣೆದದ್ದನ್ನು ತೂಗಿ ವಾಪಸು ತೆಗೆದುಕೊಳ್ಳುತ್ತಿದ್ದರು. ನನಗಾಗ ಒಂಬತ್ತು ವರ್ಷ. ಲಡಿಯನ್ನು ಎರಡು ಕೈಗೂ ಹಾಕಿಕೊಂಡು ಕೂರುವುದು ನನ್ನ ಕೆಲಸ. ಅಮ್ಮ ಮಾತ್ರ ಸಾಂಬಾರು ಕುದಿಯುವಾಗಲೂ ಹೆಣೆಯುತ್ತಿದ್ದಳು. ಯಾವ ಊರಿನ ಯಾರ ಕಾಲಿಗೋ ಎಂದು ಒಮ್ಮೆಯಾದರೂ ಯೋಚಿಸಿರಬೇಕು; ಬಾಯಿಬಿಟ್ಟು ಹೇಳಿದ್ದಿಲ್ಲ.

ಇವೆಲ್ಲ ಮತ್ತೆ ಎದ್ದು ಬಂದದ್ದು 2022ರಲ್ಲಿ, ಮಗಳ ಜೊತೆ ಹಿಮಾಚಲಕ್ಕೆ ಹೋದಾಗ. ಮನಾಲಿಯಿಂದ ಒಂಬತ್ತು ಕಿಲೋಮೀಟರಿನ ಅಟಲ್ ಸುರಂಗ ದಾಟಿದರೆ ಲಾಹೌಲ್. 2020ರಲ್ಲಿ ಸುರಂಗ ಆಗುವವರೆಗೆ ರೋಹತಾಂಗ್ ಕಣಿವೆದಾರಿ ಹಿಮದಿಂದ ಮುಚ್ಚಿದರೆ ಅಲ್ಲಿಯವರಿಗೆ ತಿಂಗಳುಗಟ್ಟಲೆ ಹೊರಗಿನ ಸಂಪರ್ಕವೇ ಇರುತ್ತಿರಲಿಲ್ಲ. ಕೇಲಾಂಗಿನ ಅಂಗಡಿಯೊಂದರ ಮುಂದೆ ಹೆಂಗಸೊಬ್ಬಳು ಕೂತು ಹೆಣೆಯುತ್ತಿದ್ದಳು. ಪಕ್ಕದಲ್ಲಿ ಕೆಂಪು, ಹಳದಿ, ಕಪ್ಪು ಬಣ್ಣಗಳ ಚಿತ್ತಾರದ ಕಾಲುಚೀಲಗಳ ರಾಶಿ. ನಾನು ಒಂದನ್ನೆತ್ತಿ ಮೊದಲು ಒಳಗು ಹೊರಗು ಮಾಡಿದೆ. ಹೆಣಿಗೆ ಬಲ್ಲವರ ಕೆಟ್ಟ ಚಾಳಿ ಇದು. ಅವಳು ನೋಡಿ ನಕ್ಕಳು. ಭಾಷೆ ಬಾರದಿದ್ದರೂ ನಾನು ಯಾವ ಜಾತಿಯವಳೆಂದು ಅವಳಿಗೆ ತಿಳಿದುಹೋಯಿತು.

ಅಲ್ಲಿಗೆ ಹೆಣಿಗೆ ಹೋದ ಬಗೆಯೂ ನಮ್ಮದರ ಹಾಗೆಯೇ. ಮೊರಾವಿಯನ್ ಮಿಷನ್ನಿನವರು 1850ರ ದಶಕದಲ್ಲಿ ಕೇಲಾಂಗಿಗೆ ಬಂದರು. ವಿಲ್ಹೆಲ್ಮ್ ಹೈಡೆ ಎಂಬಾತನನ್ನು ಮದುವೆಯಾಗಲು 1859ರಲ್ಲಿ ಅಷ್ಟು ದೂರ ಬಂದ ಮರಿಯಾ ಎಂಬಾಕೆ ಅಲ್ಲಿಯ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಹೆಣಿಗೆ ಕಲಿಸಿದಳು. ಲಾಹೌಲಿನವರಿಗೆ ನೂಲುವುದು, ನೇಯುವುದು ಗೊತ್ತಿತ್ತು; ಸೂಜಿಯ ಹೆಣಿಗೆ ಹೊಸದು. ಪಾಠ ಹೇಳಿದವಳ ಉದ್ದೇಶವೇನೇ ಇರಲಿ, ಕಲಿತವರು ಅದಕ್ಕೆ ತಮ್ಮ ಬಣ್ಣ ಬಳಿದರು, ತಮ್ಮ ಚಿತ್ತಾರ ತುಂಬಿದರು. ಹೈಡೆ ದಂಪತಿ 1898ರಲ್ಲಿ ಕೇಲಾಂಗ್ ಬಿಟ್ಟರು. ಹೆಣಿಗೆ ಉಳಿಯಿತು. ಇತ್ತೀಚೆಗೆ ಲಾಹೌಲಿನ ಕಾಲುಚೀಲ, ಕೈಚೀಲಗಳಿಗೆ ನಮ್ಮ ಮೈಸೂರು ರೇಷ್ಮೆಗೆ ಇರುವಂತೆ ಭೌಗೋಳಿಕ ಗುರುತಿನ ಮಾನ್ಯತೆ ಕೂಡ ಸಿಕ್ಕಿದೆ.

ಅವಳು ಹೇಳಿದ ಬೆಲೆಗೆ ಚೌಕಾಸಿ ಮಾಡದೆ ಒಂದು ಜೊತೆ ಕೊಂಡೆ. ಅವಳು ನೋಟುಗಳನ್ನು ಎಣಿಸಿ ತನ್ನದೇ ಸೊಂಟದ ಚೀಲಕ್ಕೆ ಸೇರಿಸಿದಳು. ಅವಳ ಕಾಲಲ್ಲೂ ಅಂಥದೇ ಕಾಲುಚೀಲ ಇತ್ತು. ಬಸ್ಸಿನಲ್ಲಿ ಕೂತಮೇಲೂ ನನಗೆ ಅದೇ ಕಣ್ಣಮುಂದೆ. ನಮ್ಮಮ್ಮ ಸೈನ್ಯಕ್ಕೆ ಹೆಣೆದಳು, ಅಪ್ಪನಿಗೆ, ನಮಗೆ, ಮೊಮ್ಮಕ್ಕಳಿಗೆ ಹೆಣೆದಳು.

ಊರಿಗೆ ಬಂದವಳೇ ಟ್ರಂಕು ತೆಗೆದೆ. ಅಮ್ಮನ ಕಾಲುಚೀಲವನ್ನೂ ಒಳಗು ಹೊರಗು ಮಾಡಿದೆ. ಅಷ್ಟು ವರ್ಷ ಅದನ್ನು ಹೊರಗಿನಿಂದ ಮಾತ್ರ ನೋಡಿದ್ದೆನಲ್ಲ!

ಹೆಣೆಯದವರಿಗಾಗಿ ಒಂದು ಮಾತು. ಚಿತ್ತಾರದ ಕಾಲುಚೀಲದಲ್ಲಿ ಪ್ರತಿ ಸುತ್ತಿಗೂ ಎರಡು ಬಣ್ಣದ ದಾರ ಜೊತೆಗೇ ಸಾಗುತ್ತವೆ. ಹೂವಿಗೆ ಬಿಳಿ ಬೇಕಾದಾಗ ಹಸಿರು ಹಿಂದೆ ಸುಮ್ಮನೆ ಎಳೆಯಾಗಿ ಹೋಗುತ್ತದೆ, ಹಸಿರು ಬೇಕಾದಾಗ ಬಿಳಿ. ಒಳಗೆ ಹೀಗೆ ಇನ್ನೊಂದು ಪದರವೇ ಆಗುವುದರಿಂದ ಕಾಲಿಗೆ ದುಪ್ಪಟ್ಟು ಬೆಚ್ಚಗೆ. ಎಳೆ ಬಿಗಿಯಾದರೆ ಕಾಲು ಹೋಗದು, ಸಡಿಲವಾದರೆ ಬೆರಳು ಸಿಕ್ಕಿಕೊಳ್ಳುತ್ತದೆ. ಅಮ್ಮನ ಎಳೆಗಳು ಅಳೆದಿಟ್ಟ ಹಾಗಿದ್ದವು. ಕಾಲುಂಗುರ ಸಿಕ್ಕಿಕೊಂಡದ್ದು ಅವಳ ಕೈಯ ತಪ್ಪಲ್ಲ, ಕಾಲುಂಗುರಕ್ಕೆಂದು ಕಾಲುಚೀಲವನ್ನು ಯಾರೂ ಯೋಚಿಸಿಯೇ ಇಲ್ಲ. ಈಜಿಪ್ಟಿನ ನೆಲದಲ್ಲಿ ಸಿಕ್ಕ, ಕ್ರಿಸ್ತಶಕ ನಾಲ್ಕು ಐದನೇ ಶತಮಾನದ ಕೆಂಪು ಉಣ್ಣೆಯ ಕಾಲುಚೀಲಗಳು ಲಂಡನ್ನಿನ ಮ್ಯೂಸಿಯಂನಲ್ಲಿವೆ. ಚಪ್ಪಲಿಯ ಉಂಗುಟಕ್ಕೆ ಸರಿಯಾಗಿ ಹೆಬ್ಬೆರಳನ್ನು ಬೇರೆ ಮಾಡಿ ಒಂದೇ ಸೂಜಿಯಲ್ಲಿ ಮಾಡಿದಂಥವು. ಅವರವರ ಕಾಲಿಗೆ ಬೇಕಾದ್ದನ್ನು ಅವರವರು ಯೋಚಿಸಿಕೊಂಡರು. ಎರಡು ಸೂಜಿ, ನಾಲ್ಕು ಸೂಜಿಯ ನಿಜವಾದ ಹೆಣಿಗೆಗೆ ಸುಮಾರು ಸಾವಿರ ವರ್ಷದ ಇತಿಹಾಸ. ಅದರ ಹಳೆಯ ಕುರುಹುಗಳೂ ಈಜಿಪ್ಟಿನವೇ, ಬಿಳಿ ಮತ್ತು ನೀಲಿ ಹತ್ತಿನೂಲಿನ ಚಿತ್ತಾರದ ಕಾಲುಚೀಲದ ತುಂಡುಗಳು. ಹೆಣೆದವರ ಹೆಸರಿಲ್ಲ.

ಅಮ್ಮನ ಕಾಲುಚೀಲದ ಒಳಗೆ ಗಂಟುಗಳಿದ್ದವು. ಒಂದೆರಡಲ್ಲ, ನಾಲ್ಕು ಸುತ್ತಿಗೊಂದು ಗಂಟು. ಹಸಿರು ಉಣ್ಣೆಯೆಲ್ಲ ಮಾರುದ್ದದ ತುಂಡುಗಳು. ಸಮಾಜದವರು ತೂಗಿ ಕೊಟ್ಟ ಮಿಲಿಟರಿ ಉಣ್ಣೆಯಲ್ಲಿ, ತೂಕಕ್ಕೆ ಸಿಗದಷ್ಟು ಉಳಿದ ಚೂರುಗಳು! ಕಣಕಾಲಿನ ಹತ್ತಿರ ಗಂಟು ಕಡಿಮೆ, ಪಾದ ಬರಬರುತ್ತ ಹೆಚ್ಚು. ಬೆರಳಿನ ಹತ್ತಿರ ಹಸಿರು ಪೂರ್ತಿ ನಿಂತುಹೋಗಿ ಕೊನೆಯ ಒಂದೂವರೆ ಇಂಚು ಬರೀ ಬಿಳಿ.

ಆ ಹಿರಿಯರು ನಕ್ಕದ್ದು ಸುಳ್ಳಲ್ಲ. ಕಾಲುಂಗುರದ್ದೂ ಸುಳ್ಳಲ್ಲ. ಆದರೆ ಎರಡನೆಯದು ಆಗದೇ ಹೋದದ್ದಕ್ಕೆ ಕಾರಣ ಉಣ್ಣೆ ಮುಗಿದದ್ದು. ಅಂಗಡಿಯಲ್ಲಿ ಉಣ್ಣೆ ಸಿಗುತ್ತಿತ್ತು. ಅಪ್ಪನ ಹತ್ತಿರ ದುಡ್ಡು ಕೇಳಬೇಕಿತ್ತು, ಯಾರಿಗೆ ಎಂದು ಹೇಳಬೇಕಿತ್ತು. ಅದಕ್ಕಿಂತ ಎಲ್ಲರೊಡನೆ ಕೂತು ನಗುವುದು ಅವಳಿಗೆ ಸುಲಭವಾಗಿ ಕಂಡಿರಬೇಕು. 1978ರಲ್ಲಿ ಅಪ್ಪ ಹೋದರು, ಅವಳು ಕಾಲುಂಗುರ ತೆಗೆದಳು. ಆ ವರ್ಷದ ಮಳೆಗಾಲದಲ್ಲಿ ನಾನು, "ಅಮ್ಮಾ, ಇನ್ನೊಂದನ್ನು ಈಗಲಾದರೂ ಹೆಣೆಯೇ" ಎಂದೆ. "ಈಗ ಯಾಕೆ?" ಎಂದು ಕೇಳಿ ಎದ್ದುಹೋದಳು. ನನ್ನ ಬುದ್ಧಿಗೆ ಏನು ಹೇಳಲಿ. ಉಣ್ಣೆ ತಂದುಕೊಡಬೇಕೆಂದು ನನಗೂ ತೋಚಲಿಲ್ಲ.

ಜೋಡಿಯನ್ನು ನಾನೇ ಹೆಣೆಯಲು ಕೂತೆ. ಲೆಕ್ಕದ ಪುಸ್ತಕದಲ್ಲಿ ನನ್ನ ಗುಣಾಕಾರಗಳ ಹಿಂಬದಿಗೆ ಅಮ್ಮ ಚೌಕ ಚೌಕವಾಗಿ ನಕ್ಷತ್ರ ಬರೆದಿಟ್ಟಿದ್ದಳು. ಇಪ್ಪತ್ತು ಕುಣಿಕೆಗೆ ಒಂದು ನಕ್ಷತ್ರ, ಸುತ್ತಿಗೆ ಮೂರು, ಒಟ್ಟು ಅರವತ್ತು. ಹೂವು ಸುಲಭವಾಗಿ ಬಂತು. ಹಿಮ್ಮಡಿ ಮಾತ್ರ ಪ್ರಾಣ ತಿಂದಿತು. ಅರವತ್ತರಲ್ಲಿ ಅರ್ಧವನ್ನು ಬಿಟ್ಟು, ಉಳಿದ ಮೂವತ್ತರ ಮೇಲೆ ಹಿಂದೆ ಮುಂದೆ ಹೆಣೆದು, ನಡುವೆಯೇ ತಿರುಗಿ ತಿರುಗಿ ಬಟ್ಟಲಿನ ಹಾಗೆ ಬಗ್ಗಿಸಿ, ಆಮೇಲೆ ಎರಡೂ ಪಕ್ಕದಿಂದ ಕುಣಿಕೆ ಎತ್ತಿಕೊಳ್ಳಬೇಕು. ಚಪ್ಪಟೆ ಬಟ್ಟೆ ಕೈಯಲ್ಲೇ ಮೂಲೆ ತಿರುಗುವುದನ್ನು ನೋಡುವುದೇ ಒಂದು ಸೋಜಿಗ, ಸರಿಯಾಗಿ ಬಂದರೆ. ಮೂರು ಸಲ ಬಿಚ್ಚಿದೆ. ಇಷ್ಟನ್ನು ಅಮ್ಮ ಒಲೆಯ ಮೇಲೆ ಒಂದು ಕಣ್ಣಿಟ್ಟು ಮಾಡುತ್ತಿದ್ದಳು!

ಹಸಿರು ಉಣ್ಣೆಗೆ ನಾಲ್ಕು ಅಂಗಡಿ ಸುತ್ತಿದೆ. ಅದೇ ಬಣ್ಣ ಸಿಗಲಿಲ್ಲ, ಹತ್ತಿರದ್ದು ಸಿಕ್ಕಿತು. ಬೇಕಾದಷ್ಟು ಕೊಂಡೆ. ಆದರೂ ಬೆರಳಿನ ತುದಿ ಬಂದಾಗ ಹಸಿರನ್ನು ಕತ್ತರಿಸಿ ಒಂದೂವರೆ ಇಂಚನ್ನು ಬರೀ ಬಿಳಿಯಲ್ಲಿ ಮುಗಿಸಿದೆ. ಜೋಡಿ ಅಂದಮೇಲೆ ಹಾಗೇ ಇರಬೇಕಲ್ಲ.

ಅಮ್ಮನ ಕೈ ಬಿಗಿ, ನನ್ನದು ಸಡಿಲ. ಅವಳದು ಇಂಚಿಗೆ ಎಂಟು ಕುಣಿಕೆ, ನನ್ನದು ಏಳು. ಹಾಗಾಗಿ ನನ್ನದು ಒಂದಿಂಚು ದೊಗಲೆ. ಅವಳದು ನನ್ನ ಎಡಗಾಲಿಗೆ ಹಿಡಿದು ಕೂತಿದೆ, ನನ್ನದು ಬಲಗಾಲಲ್ಲಿ ಜಾರುತ್ತದೆ. ಈ ಮಳೆಗಾಲದಲ್ಲಿ ಕಾಲುಂಗುರವನ್ನು ಕುಂಕುಮದ ಭರಣಿಯ ಪಕ್ಕದಲ್ಲಿ ತೆಗೆದಿಟ್ಟು, ಎರಡನ್ನೂ ಹಾಕಿಕೊಂಡು ಅಡುಗೆಮನೆಯಲ್ಲಿ ಓಡಾಡುತ್ತಿದ್ದೇನೆ. ಯಜಮಾನರು ಒಂದು ಸಲ ಕಾಲು ನೋಡಿದರು, ಒಂದು ಸಲ ಮುಖ ನೋಡಿದರು. "ತನಗೂ ಒಂದು ಜೊತೆ ಆದೀತೇ" ಎಂದು ಕೇಳಿದರು. ಉಣ್ಣೆ ತಂದುಕೊಡಿ, ನೋಡೋಣ ಎಂದಿದ್ದೇನೆ.